ಕೆರೆಯಾಮೆ: ಮೃದುಚಿಪ್ಪಿನ ಒಂದು ಕೂರ್ಮದ ದೇಹರಚನೆ

ಕೆರೆಯಾಮೆಯೆಂದು ಇಲ್ಲಿ ಕರೆದಿರುವುದು ಟ್ರಯೊನಿಕಿಡೀ ಎಂಬ ಮೃದುಚಿಪ್ಪಿನ ಆಮೆಗಳ ಕುಟುಂಬಕ್ಕೆ ಸೇರಿದ, ಲಿಸ್ಸೆಮಿಸ್ ಪಂಕ್ಟೇಟ ಎಂಬ ಶಾಸ್ತ್ರೀಯ ನಾಮವುಳ್ಳ ಸಿಹಿನೀರಿನ ಪ್ರಾಣಿಯನ್ನು. ಸಿಂಧೂ ಗಂಗಾ ಬಯಲುಗಳಿಂದ ಮೊದಲ್ಗೊಂಡು ದಕ್ಷಿಣ ಭಾರತದ ಕೊನೆಯವರೆಗೂ, ಅತ್ತ ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶಗಳಲ್ಲಿಯೂ ಇದರ ವಾಸ. ದೊಡ್ಡ ಹೊಳೆಯ ಸೆಳವಿಗಿಂತ ನಿಂತ ನೀರೇ ಇದಕ್ಕೆ ಮೆಚ್ಚು. ಕೆರೆ, ಕುಂಟೆ, ಹೊಂಡ, ಭತ್ತದ ಗದ್ದೆ, ಕಾಲುವೆ, ಮಳೆಗಾಲದಲ್ಲಷ್ಟೆ ನೀರು ಕಾಣುವ ಹಳ್ಳ, ಇವುಗಳಲ್ಲಿ ಯಾವುದಾದರೂ ಆದೀತು, ತಳದಲ್ಲಿ ಹೂಳು ಇದ್ದರಾಯಿತು.

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯಕ್ಕೆ ನೆಲೆಯಾಗಿರುವ ಗೊಟಗೋಡಿಯನ್ನು ನಡುವಿಟ್ಟುಕೊಂಡು ಸುತ್ತಣ ಸೀಮೆಯನ್ನು ನೋಡಿದರೆ, ಪಶ್ಚಿಮಕ್ಕೆ ಮಲೆನಾಡಿನ ಸೆರಗನ್ನು ಮುಟ್ಟುವ ಹಾನಗಲ್ಲಿನ ಗದ್ದೆಬಯಲು, ಪೂರ್ವಕ್ಕೆ ಸವಣೂರಿನ ಎರೆಹೊಲ, ದಕ್ಷಿಣಕ್ಕೆ ಕುಮುದ್ವತಿಗೆ ಕಟ್ಟಿದ ಮದಗ-ಮಾಸೂರು ಕೆರೆಯನ್ನುಳ್ಳ ಹಿರೇಕೆರೂರಿನ ಪ್ರದೇಶ, ಹೀಗೆ ಮಳೆ ಮಣ್ಣು ಬೆಳೆ ಮೂರರಲ್ಲಿಯೂ ಒಂದನ್ನೊಂದು ಹೋಲದ ನೆಲಗಳು ಅಲ್ಪಾಂತರದಲ್ಲಿ ಸೇರಿಕೊಂಡಿರುವುದು ಗೋಚರವಾಗುತ್ತದೆ. ಇವೆಲ್ಲಕ್ಕೂ ಸಮಾನವಾದದ್ದು ಕೆರೆ. ಹಾನಗಲ್ಲಿನ ಆನೆಕೆರೆಯಿಂದ ಹಿಡಿದು ಹೆಸರಿಲ್ಲದ ಊರಕುಂಟೆಯವರೆಗೆ ಇಲ್ಲಿಯ ನೀರಿನ ತಾಣಗಳಲ್ಲಿ ಬಹುಪಾಲು ಮುಂಗಾರಿನಲ್ಲಿ ತುಂಬಿ, ಸುಗ್ಗಿ ಮುಗಿಯುವ ಹೊತ್ತಿಗೆ ಇಳಿದು, ಯುಗಾದಿಯ ವೇಳೆಗೆ ನಡುವಿನ ಕೆಸರಿನ ಮಡುವಾಗಿ ಉಳಿಯತಕ್ಕವು. ಮಳೆ ಕೈಕೊಟ್ಟ ವರುಷಗಳಲ್ಲಿ ಅದೂ ಉಳಿಯದು. ಈ ತುಂಬುವಿಕೆ ಬತ್ತುವಿಕೆಗಳ ಲಯಕ್ಕೆ ತನ್ನ ಶರೀರವನ್ನೆಲ್ಲ ಒಗ್ಗಿಸಿಕೊಂಡ ಪ್ರಾಣಿ ಕೆರೆಯಾಮೆ. ಅದರ ಚಿಪ್ಪು, ಚರ್ಮ, ಮೂತಿ, ಮೊಟ್ಟೆ ಇವನ್ನು ಬಿಡಿಬಿಡಿಯಾಗಿ ವರ್ಣಿಸಿದರೆ ವಿಚಿತ್ರವೆಂದು ತೋರಬಹುದು. ಬತ್ತುವ ಕೆರೆಯೊಂದನ್ನು ಕಣ್ಣ ಮುಂದಿಟ್ಟುಕೊಂಡು ನೋಡಿದಾಗ ಅವುಗಳಲ್ಲಿ ಯಾವುದೂ ಅಕಾರಣವೆನ್ನಿಸದು.

ಆಮೆಗಳಲ್ಲಿ ಪೆಟ್ಟಿಗೆಯಾಮೆಗಳೆಂದು ಪ್ರಸಿದ್ಧವಾದ ಒಂದು ಗುಂಪಿದೆ. ಏಷ್ಯದಲ್ಲಿ ಇವು ಕ್ಯುವೋರ ಎಂಬ ಜಾತಿಗೆ ಸೇರಿದವು. ಭಾರತದಲ್ಲಿ ಇವುಗಳ ಪ್ರತಿನಿಧಿಗಳು ಈಶಾನ್ಯದ ಕಾಡುಗಳಲ್ಲಿಯೂ ನಿಕೋಬಾರ್ ದ್ವೀಪಗಳಲ್ಲಿಯೂ ಇವೆಯೇ ಹೊರತು ಕನ್ನಡನಾಡಿನಲ್ಲಿ ಇಲ್ಲ. ಎತ್ತರವಾದ ಗುಮ್ಮಟದಂತಹ ಬೆನ್ನುಚಿಪ್ಪು, ಮುಖದ ಮೇಲೆ ಉದ್ದಕ್ಕೆ ಹಳದಿಯ ಪಟ್ಟೆಗಳು, ಎಲ್ಲಕ್ಕೂ ಮಿಗಿಲಾಗಿ ಎದೆಚಿಪ್ಪಿನ ಅಡ್ಡಕ್ಕೆ ಒಂದು ಕೀಲು, ಇವು ಆಗ್ನೇಯ ಏಷ್ಯದ ಪೆಟ್ಟಿಗೆಯಾಮೆಯ ಲಕ್ಷಣಗಳು. ಆ ಕೀಲಿನ ಹಿಂದು ಮುಂದಿನ ಎರಡು ಹೋಳುಗಳೂ ಮೇಲಕ್ಕೆ ಎದ್ದು ಬೆನ್ನುಚಿಪ್ಪಿನ ಅಂಚಿಗೆ ಕೂಡಿಕೊಂಡವೆಂದರೆ ಒಳಗಿನ ಪ್ರಾಣಿಯ ಉಗುರು ಸಹ ಹೊರಕ್ಕೆ ಕಾಣದು. ಉತ್ತರ ಅಮೆರಿಕದ ಟೆರಪೀನಿ ಕುಲದ ಪೆಟ್ಟಿಗೆಯಾಮೆಗಳಲ್ಲಿಯೂ ಇದೇ ಏರ್ಪಾಡಿದ್ದರೂ ಅವು ಬೇರೆ ಕುಟುಂಬದವು. ಒಂದೇ ಉಪಾಯವನ್ನು ಪ್ರಕೃತಿಯು ಎರಡು ಕಡೆ ಪ್ರತ್ಯೇಕವಾಗಿ ಹೂಡಿದಂತಾಯಿತು. ನಮ್ಮ ಕೆರೆಯಾಮೆಯಾದರೋ ಈ ಎರಡಕ್ಕೂ ಬಂಧುವಲ್ಲ, ಗಟ್ಟಿಚಿಪ್ಪಿನದೂ ಅಲ್ಲ. ಆದರೂ ತನ್ನನ್ನು ತಾನು ಮುಚ್ಚಿಕೊಳ್ಳುವ ವಿದ್ಯೆಯಲ್ಲಿ ಅವಕ್ಕೆ ಸಮೀಪದ್ದು; ಅವು ಎಲುಬಿನಿಂದ ಸಾಧಿಸಿದ್ದನ್ನು ಇದು ಅರ್ಧ ಎಲುಬಿನಿಂದಲೂ ಅರ್ಧ ತೊಗಲಿನಿಂದಲೂ ಸಾಧಿಸುತ್ತದೆ.

ಮೊದಲು ಬೆನ್ನಿನ ಕಡೆಯನ್ನು ನೋಡೋಣ. ಸಾಮಾನ್ಯವಾದ ಆಮೆಯ ಚಿಪ್ಪಿನಲ್ಲಿ ಎರಡು ಪದರಗಳಿರುತ್ತವೆ: ಒಳಗೆ ಬೆನ್ನೆಲುಬು ಪಕ್ಕೆಲುಬುಗಳೊಡನೆ ಬೆಸೆದುಕೊಂಡ ಎಲುಬಿನ ಫಲಕಗಳು, ಹೊರಗೆ ಕೊಂಬಿನ ಪದಾರ್ಥದಿಂದಾದ ಗಟ್ಟಿ ಹೊದಿಕೆ. ಮೃದುಚಿಪ್ಪಿನ ಆಮೆಗಳಲ್ಲಿ ಈ ಹೊರಪದರವೇ ಇಲ್ಲ. ಎಲುಬಿನ ಮೇಲೆ ನೇರವಾಗಿ ನುಣುಪಾದ ಚರ್ಮ ಹಾಸಿಕೊಂಡಿರುತ್ತದೆ. ಕೆರೆಯಾಮೆಯ ಬೆನ್ನು ಮೇಲಿನಿಂದ ನೋಡಿದರೆ ಅಂಡಾಕಾರ, ಹಿಂದಕ್ಕೆ ತುಸು ಅಗಲ. ಪಕ್ಕದಿಂದ ನೋಡಿದರೆ ಇದೇ ಕುಟುಂಬದ ಚಪ್ಪಟೆ ಮೈಯ ಹೊಳೆಯಾಮೆಗಳಿಗಿಂತ ಸ್ಪಷ್ಟವಾಗಿ ಉಬ್ಬಿದ್ದು. ಚರ್ಮದ ಕೆಳಗಿನ ಎಲುಬಿನ ಮೇಲ್ಮೈ ನಯವಾಗಿರದೆ ಕಾಳುಕಾಳಾಗಿ ಒರಟಾಗಿರುತ್ತದೆ. ಎಳೆಯ ಮರಿಗಳ ಚರ್ಮದ ಮೇಲೆ ಉದ್ದುದ್ದಕ್ಕೆ ಸಣ್ಣ ಏಣುಗಳು ಎದ್ದು ಕಾಣುತ್ತವೆ, ವಯಸ್ಸಾದಂತೆ ಅಳಿಸಿಹೋಗುತ್ತವೆ. ಪಕ್ಕೆಲುಬುಗಳು ಅಗಲಗೊಂಡು ಎಂಟು ಜೊತೆ ಫಲಕಗಳಾಗಿ ಬೆನ್ನೆಲುಬಿನ ಎರಡು ಬದಿಗೂ ಕೂಡಿಕೊಂಡಿವೆ. ಭುಜದ ಮತ್ತು ಸೊಂಟದ ಎಲುಬುಗಳು, ಆಮೆಗಳಲ್ಲೆಲ್ಲ ಇರುವಂತೆ, ಈ ಪಂಜರದ ಒಳಗಡೆಗೆ ಬಂದಿವೆ. ಕಶೇರುಕಗಳಲ್ಲಿ ಮಿಕ್ಕ ಯಾವುದಕ್ಕೂ ಈ ಒಳಹೊರಗಿನ ಅದಲುಬದಲು ಇಲ್ಲವೆಂಬುದನ್ನು ನೆನೆದರೆ, ಆಮೆಯನ್ನು ನಿತ್ಯವೂ ಕಾಣುವವರಿಗೂ ಅದು ಸಾಧಾರಣ ಪ್ರಾಣಿಯೆನಿಸಲಾರದು.

ಬೆನ್ನುಚಿಪ್ಪಿನ ಹಿಂದಿನ ಅಂಚಿನಲ್ಲಿ, ಚರ್ಮದೊಳಗೆ ಹುದುಗಿದಂತೆ, ಸಣ್ಣ ಸಣ್ಣ ಎಲುಬುಗಳ ಒಂದು ಸಾಲಿದೆ. ಮೃದುಚಿಪ್ಪಿನ ಆಮೆಗಳ ಕುಟುಂಬದಲ್ಲಿ ಈಗ ಬದುಕಿರುವ ಮತ್ತಾವ ಜಾತಿಯಲ್ಲಿಯೂ ಈ ಅಂಚಿನೆಲುಬುಗಳು ಇಲ್ಲವಾದ ಕಾರಣ, ಲಿಸ್ಸೆಮಿಸ್ ಜಾತಿಯನ್ನು ಗುರುತಿಸಲು ವಿದ್ವಾಂಸರು ಮೊದಲು ಹುಡುಕುವುದು ಇವನ್ನೇ. ಗಟ್ಟಿಚಿಪ್ಪಿನ ಆಮೆಗಳ ಅಂಚಿನ ಫಲಕಗಳಂತೆ ಇವು ಪಕ್ಕೆಲುಬಿನ ತುದಿಗೆ ಬೆಸೆದುಕೊಂಡಿಲ್ಲ. ಸಡಿಲವಾಗಿ ಕುಳಿತು, ಇಲ್ಲದಿದ್ದರೆ ಜೋಲುಬೀಳಬಹುದಾಗಿದ್ದ ತೊಗಲಿನ ಅಂಚಿಗೆ ಬಿಗುಪನ್ನು ಕೊಡುತ್ತವೆ.

ಪ್ರಾಣಿಯನ್ನು ಅಂಗಾತ ಮಲಗಿಸಿದಾಗ ಕಾಣುವ ಎದೆಚಿಪ್ಪೇ ಈ ಲೇಖನದ ಮುಖ್ಯ ವಿಷಯವೆನ್ನಬಹುದು. ಬಣ್ಣದಲ್ಲಿ ಅದು ಕೆನೆಯಂತಹ ಬಿಳುಪು, ಕೆಲವೊಮ್ಮೆ ನಸುಗೆಂಪು; ಅದರ ನಡುನಡುವೆ ಚರ್ಮದ ಮೇಲ್ಮೈಗೆ ಹತ್ತಿಕೊಂಡು ಬಂದು ಒರಟಾಗಿ ತೋರುವ ಏಳು ಎಲುಬಿನ ತಟ್ಟೆಗಳು. ಎದೆಯ ಮುಂಭಾಗದಲ್ಲಿ ಒಂದು ಜೊತೆ, ಅದರ ನಡುವೆ ಒಂಟಿಯಾಗಿ ಒಂದು, ಮಧ್ಯದಲ್ಲಿ ಅತಿ ದೊಡ್ಡದಾದ ಒಂದು ಜೊತೆ, ಹಿಂದೆ ಇನ್ನೊಂದು ಜೊತೆ. ಎದೆಚಿಪ್ಪು ಬೆನ್ನುಚಿಪ್ಪಿಗೆ ಎಲುಬಿನ ಸೇತುವೆಯಿಂದ ಬಂಧಿಸಲ್ಪಟ್ಟಿಲ್ಲ. ಅವೆರಡನ್ನೂ ಕೂಡಿಸಿರುವುದು ಮಿದುವಾದ ಊತಕ. ಮುಂಭಾಗದ ತಟ್ಟೆಗಳು ಮಧ್ಯದ ದೊಡ್ಡ ಜೊತೆಯನ್ನು ಸಂಧಿಸುವ ಕಡೆ ಬಾಗಬಲ್ಲವು. ತಲೆಯೂ ಮುಂಗಾಲುಗಳೂ ಒಳಕ್ಕೆ ಸರಿದ ಒಡನೆಯೆ ಆ ಮುಂಭಾಗವು ಮೇಲಕ್ಕೆದ್ದು, ಬೆನ್ನುಚಿಪ್ಪಿನ ಮುಂದಂಚಿನ ಇಳಿಬಿದ್ದ ತೊಗಲಿಗೆ ತಾಗಿ ನಿಲ್ಲುತ್ತದೆ. ಮುಂದಿನ ಬಾಗಿಲು ಇದು.

ಹಿಂಬಾಗಿಲಿನ ರಚನೆ ಬೇರೆಯೆ. ಎದೆಚಿಪ್ಪಿನ ಹಿಂಭಾಗದ ಎರಡು ಬದಿಗಳಿಂದ ಅರ್ಧಚಂದ್ರಾಕೃತಿಯ, ದಪ್ಪನೆಯ ಎರಡು ಚರ್ಮದ ಪಟಲಗಳು ಹೊರಟಿವೆ. ಪ್ರಾಣಿ ನಡೆಯುವಾಗಲೂ ಈಜುವಾಗಲೂ ಇವು ತೊಡೆಯ ಕೆಳಗೆ ಜೋಲಾಡುತ್ತಿರುತ್ತವೆ. ಕಾಲನ್ನು ಒಳಕ್ಕೆಳೆದುಕೊಂಡಾಗ ಮೇಲಕ್ಕೆ ಮಡಿಚಿಕೊಂಡು, ತಾಂಬೂಲದ ಸಂಚಿಯ ಬಾಯಿಗೆ ಅದರ ಮೇಲುಮಡಿಕೆ ಕವುಚಿಕೊಳ್ಳುವ ಹಾಗೆ, ಕಾಲು ಹೋದ ಗೂಡನ್ನು ಪೂರ್ತಿಯಾಗಿ ಮರೆಮಾಡುತ್ತವೆ. ಅಂಚಿನೆಲುಬುಗಳಿಂದ ಬಿಗಿದ ಬೆನ್ನಿನ ತೊಗಲು ಮೇಲಿನಿಂದಲೂ ಪಟಲಗಳು ಕೆಳಗಿನಿಂದಲೂ ಕೂಡುವುದರಿಂದ ಬಾಲ, ಹಿಂಗಾಲು ಎರಡೂ ಹೊರಗಿನವರ ದೃಷ್ಟಿಗೆ ಬೀಳುವುದಿಲ್ಲ. ನರಿಯಂತಹ ಬಲವಾದ ದವಡೆಯುಳ್ಳ ಪ್ರಾಣಿಗೆ ಈ ತೊಗಲಿನ ಬಾಗಿಲು ಅಭೇದ್ಯವೇನಲ್ಲ. ಪೆಟ್ಟಿಗೆಯಾಮೆಯ ಎಲುಬಿನ ಕದದ ಭದ್ರತೆ ಇದಕ್ಕಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಒಣಗಿದ ಕೆರೆಯ ಹೂಳಿನಲ್ಲಿ ತಿಂಗಳುಗಟ್ಟಲೆ ಹೂತುಕೊಂಡಿರಬೇಕಾದ ಜೀವಕ್ಕೆ ಹಲ್ಲಿಗಿಂತಲೂ ದೊಡ್ಡ ಶತ್ರು ಮೈಯ ತೇವ ಆರಿಹೋಗುವುದು. ಅದಕ್ಕೆ ಬಿಗಿಯಾಗಿ ಮೈಗಂಟಿಕೊಳ್ಳುವ ತೊಗಲೇ ಎಲುಬಿಗಿಂತ ಉಪಯುಕ್ತವೆಂದು ನನ್ನ ಎಣಿಕೆ.

ಬೇಸಗೆಯಲ್ಲಿ ಕೆರೆಯಂಗಳದಲ್ಲಿ ದೊರೆಯುವ ಸತ್ತ ಆಮೆಯ ಚಿಪ್ಪುಗಳಿಂದ ಈ ಸಂಗತಿಗಳಾವುವೂ ತಿಳಿದುಬರುವುದಿಲ್ಲ. ಚರ್ಮ ಕೊಳೆತುಹೋದ ಮೇಲೆ ಅಂಚಿನ ಸಣ್ಣ ಎಲುಬುಗಳು ಉದುರಿ ಮಣ್ಣಿನಲ್ಲಿ ಬೆರೆಯುತ್ತವೆ, ಪಟಲಗಳ ಕುರುಹೂ ಉಳಿಯುವುದಿಲ್ಲ, ಎದೆಯ ತಟ್ಟೆಗಳು ಒಂದೊಂದೂ ಬೇರೆಯಾಗಿ ಚದರುತ್ತವೆ. ಕೊನೆಗೆ ಕೈಗೆ ಸಿಕ್ಕುವುದು ಕಾಳುಗಟ್ಟಿದ ಮೇಲ್ಮೈಯುಳ್ಳ, ಬೆರಳಿನಿಂದ ತೀಡಿದರೆ ಜಲ್ಲಿಯಂತೆ ತಡೆಯುವ, ಬಿಸಿಲಿಗೆ ಬೆಳ್ಳಗಾದ ಒಂದು ಬೋಗುಣಿಯಾಕಾರದ ಎಲುಬು ಮಾತ್ರ. ವಸ್ತುಸಂಗ್ರಹಾಲಯದ ಒಣ ಎಲುಬುಗಳನ್ನಷ್ಟೇ ನೋಡಿದವನಿಗೆ ಇದು ನಾಲ್ಕೂ ಕಡೆ ತೆರೆದುಕೊಂಡ ನಿರಾಶ್ರಿತ ಪ್ರಾಣಿಯೆಂದು ತೋರುವುದು ಸಹಜ. ಕೆರೆಯಾಮೆಯ ದೇಹರಚನೆಯನ್ನು ಜೀವಂತ ಪ್ರಾಣಿಯನ್ನು ನೋಡಿಯೇ ಅರಿಯಬೇಕು.

ತಲೆ ಅಗಲ, ಮೂತಿ ಗಿಡ್ಡ. ಮೂತಿಯ ತುದಿಯಲ್ಲಿ ಮೋಟಾದ ಮಾಂಸಲವಾದ ಒಂದು ಕೊಳವೆಯುಂಟು; ಮೂಗಿನ ಹೊಳ್ಳೆಗಳೆರಡೂ ಅದರ ಕೊನೆಯಲ್ಲಿ ತೆರೆದುಕೊಳ್ಳುತ್ತವೆ. ಕೆಸರಿನಲ್ಲಿ ಹೂತು ಕೂತ ಆಮೆ, ನೀರು ಆಳವಿಲ್ಲದ ಕಡೆ, ಕತ್ತನ್ನು ಚಾಚಿ ಈ ಕೊಳವೆಯ ತುದಿಯನ್ನಷ್ಟೇ ಹೊರಹಾಕಿ ಉಸಿರೆಳೆದುಕೊಳ್ಳುತ್ತದೆ. ದಂಡೆಯಲ್ಲಿ ನಿಂತು ನೋಡುವವನಿಗೆ ಕಾಣುವುದೂ ಅಷ್ಟೇ. ದವಡೆಗಳಲ್ಲಿ ಹಲ್ಲಿಲ್ಲ, ಹರಿತವಾದ ಕೊಂಬಿನ ಅಂಚನ್ನು ದಪ್ಪ ತುಟಿಗಳು ಮುಚ್ಚಿಕೊಂಡಿರುವುದರಿಂದ ಮುಖಕ್ಕೆ ಒಂದು ಬಗೆಯ ಸೌಮ್ಯತೆ ಬಂದಿದೆ. ಆ ಸೌಮ್ಯತೆಯನ್ನು ನಂಬಬಾರದು. ಕತ್ತು ಇಂಗ್ಲಿಷಿನ ಎಸ್ ಅಕ್ಷರದಂತೆ ಮೇಲುಕೆಳಗಾಗಿ ಮಡಿಚಿಕೊಂಡು ಚಿಪ್ಪಿನೊಳಗೆ ಅಡಗಿರುತ್ತದೆ, ನೆಟ್ಟಗೆ ಬಿಟ್ಟಾಗ ಅದರ ಉದ್ದ ಊಹೆಗೆ ಮೀರಿದ್ದು; ಪಕ್ಕದಿಂದ ಹಿಡಿದವನ ಬೆರಳನ್ನೂ ಅದು ತಿರುಗಿ ಮುಟ್ಟಬಲ್ಲದು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಅಂಗಗಳನ್ನು ಒಳಕ್ಕೆ ಸೆಳೆದುಕೊಳ್ಳುವ ಕೂರ್ಮವು ಸ್ಥಿತಪ್ರಜ್ಞನಿಗೆ ಉಪಮಾನವಾಗಿದೆಯಷ್ಟೆ. ಅಂಗಗಳನ್ನು ಸೆಳೆದುಕೊಳ್ಳುವ ಮಟ್ಟಿಗೆ ಈ ಆಮೆ ಆ ಉಪಮೆಗೆ ಯಾವ ಲೋಪವನ್ನೂ ತರುವುದಿಲ್ಲ, ಬಳಿಕ ಅದು ಕಚ್ಚುವ ರೀತಿಯಲ್ಲಿ ಮಾತ್ರ ಸ್ಥಿತಪ್ರಜ್ಞೆಯ ಲೇಶವೂ ಇಲ್ಲ.

ಕಾಲುಗಳು ಚಪ್ಪಟೆ, ಬೆರಳುಗಳ ನಡುವೆ ಅಗಲವಾದ ಜಾಲಚರ್ಮ. ಬೆರಳು ಐದಾದರೂ ಉಗುರು ಮೂರಕ್ಕೆ ಮಾತ್ರ. ಇಡೀ ಕುಟುಂಬದ ಶಾಸ್ತ್ರೀಯ ನಾಮವೂ ಈ ಮೂರು ಉಗುರುಗಳಿಂದಲೇ ಬಂದದ್ದು. ಈಜುವಾಗ ಈ ಕಾಲುಗಳು ಹುಟ್ಟುಗಳಾಗುತ್ತವೆ, ನೆಲ ಬಗೆಯುವಾಗ ಗುದ್ದಲಿಗಳಾಗುತ್ತವೆ. ಆಹಾರದಲ್ಲಿ ಇದಕ್ಕೆ ಮಡಿಮೈಲಿಗೆಯ ಭೇದವಿಲ್ಲ: ಕಪ್ಪೆ, ಗೊದಮೊಟ್ಟೆ, ಮೀನು, ಸೀಗಡಿ, ಬಸವನಹುಳು, ಎರೆಹುಳು, ಸತ್ತ ಪ್ರಾಣಿಯ ಮಾಂಸ, ನೀರುಗಿಡದ ಎಲೆ, ಬೀಜ, ಎಲ್ಲವೂ ಆಗುತ್ತದೆ. ಊರ ಬಾವಿಗೆ ಆಮೆಯೊಂದನ್ನು ಬಿಟ್ಟರೆ ನೀರು ತಿಳಿಯಾಗುತ್ತದೆಂಬ ಹಳೆಯ ನಂಬಿಕೆಗೆ ಈ ಸರ್ವಭಕ್ಷಕತ್ವವೇ ಮೂಲವಿರಬೇಕು.

ಕೆರೆಯ ನೀರು ಇಳಿದು ಹೋದಂತೆ ಇದಕ್ಕೆ ಎರಡು ದಾರಿಗಳು. ಒಂದು, ರಾತ್ರಿಯ ತಂಪಿನಲ್ಲಿ ನೆಲದ ಮೇಲೆ ನಡೆದು ನೀರಿರುವ ಮತ್ತೊಂದು ತಾಣವನ್ನು ಸೇರುವುದು. ಎರಡನೆಯದು, ಇದ್ದಲ್ಲಿಯೇ ಕೆಸರಿನಲ್ಲಿ ಇಳಿದು ಬೇಸಗೆಯ ನಿದ್ರೆಗೆ ಒಳಗಾಗುವುದು. ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟರೂ ಕೆಳಗಿನ ತೇವ ಉಳಿದಿರುವಷ್ಟು ಕಾಲ, ಕೆಲವು ತಿಂಗಳು, ಅನ್ನನೀರಿಲ್ಲದೆ ಅದು ಬದುಕುತ್ತದೆ. ನೀರಿನೊಳಗೆ ಮುಳುಗಿ ಕುಳಿತಾಗ ಪುಪ್ಫುಸವೊಂದನ್ನೇ ನೆಚ್ಚಿಕೊಳ್ಳದೆ ಚರ್ಮದ ಮೂಲಕವೂ, ರಕ್ತನಾಳಗಳಿಂದ ತುಂಬಿದ ಗಂಟಲಿನ ಒಳಪೊರೆಯ ಮೂಲಕವೂ ಕೊಂಚ ಆಮ್ಲಜನಕವನ್ನು ಪಡೆಯುವ ಶಕ್ತಿ ಇದಕ್ಕುಂಟು. ಕೊಂಬಿನ ಹೊದಿಕೆಯನ್ನು ಕಳೆದುಕೊಂಡ ಮೃದುಚಿಪ್ಪಿನ ಆಮೆಯನ್ನು ಕೆಳಮಟ್ಟದ ರಚನೆಯೆಂದು ಭಾವಿಸುವುದು ಎಷ್ಟು ಅವಿಚಾರವೆಂಬುದಕ್ಕೆ ಇದೊಂದೇ ಸಾಕು. ಕೊಂಬಿನ ಪದಾರ್ಥ ಉಸಿರಾಡಲಾರದು, ತೊಗಲು ಆಡಬಲ್ಲದು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಎಚ್ಚೆತ್ತು ಹೊರಬಂದ ಆಮೆಗಳು ಹೊಲದ ಬದುಗಳನ್ನೂ ರಸ್ತೆಗಳನ್ನೂ ದಾಟುತ್ತ ಹೊರಡುತ್ತವೆ. ಗಾಡಿಯ ದಾರಿಗಳಿದ್ದ ಕಾಲದಲ್ಲಿ ಇದರಿಂದ ಹಾನಿಯಿರಲಿಲ್ಲ; ಹೆದ್ದಾರಿಯ ಲಾರಿಗೆ ಎಲುಬಿನ ಬಾಗಿಲೂ ಒಂದೆ, ತೊಗಲಿನ ಬಾಗಿಲೂ ಒಂದೆ.

ಗಾತ್ರದಲ್ಲಿ ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಬಲಿತ ಆಮೆಯ ಬೆನ್ನುಚಿಪ್ಪು ಸಾಮಾನ್ಯವಾಗಿ 24 ಸೆಂಟಿಮೀಟರಿನ ಆಸುಪಾಸಿನಲ್ಲಿದ್ದು, ಬಹು ದೊಡ್ಡ ಹೆಣ್ಣುಗಳಲ್ಲಿ 37 ಸೆಂಟಿಮೀಟರಿನವರೆಗೂ ಬೆಳೆಯುವುದುಂಟು. ಗಂಡಿನ ಬಾಲ ಉದ್ದವಾಗಿಯೂ ದಪ್ಪವಾಗಿಯೂ ಇರುವುದು ಲಿಂಗವನ್ನು ಗುರುತಿಸಲು ಇರುವ ಸುಲಭದ ಲಕ್ಷಣ. ಹೆಣ್ಣು ದಂಡೆಯ ಸಡಿಲ ಮಣ್ಣಿನಲ್ಲಿ ಗುಳಿ ತೋಡಿ ಒಂದು ಸಲಕ್ಕೆ ಎರಡರಿಂದ ಹದಿನಾರರವರೆಗೆ ಮೊಟ್ಟೆಗಳನ್ನಿಡುತ್ತದೆ. ವರುಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಇಡುವುದೂ ಉಂಟು. ಮೊಟ್ಟೆಗಳು ದುಂಡಗೆ, ಸುಮಾರು ಮೂರು ಸೆಂಟಿಮೀಟರು ವ್ಯಾಸದವು. ತಾಯಿಯ ಮೈ ತೊಗಲಿನದಾದರೂ ಮೊಟ್ಟೆಯ ಕವಚ ಗಡುಸು, ಸುಲಭವಾಗಿ ಒಡೆಯತಕ್ಕದ್ದು. ಒಳಗಿನ ಭ್ರೂಣದ ಬೆಳವಣಿಗೆ ಬಹು ನಿಧಾನ. ಮೊಟ್ಟೆಯಿಟ್ಟು ಒಂಬತ್ತು ತಿಂಗಳಾದ ಮೇಲೆ ಮರಿ ಹೊರಬಂದ ಉದಾಹರಣೆಗಳಿವೆ. ಒಂದು ಮಳೆಗಾಲದ ಕೊನೆಗೆ ಇಟ್ಟ ಮೊಟ್ಟೆ ಮುಂದಿನ ಮಳೆಗೆ ಒಡೆಯುವಂತಾದರೆ ಅಂಗೈಯಲ್ಲಿ ಅಡಗುವಷ್ಟು ಪುಟ್ಟದಾದ, ನಾಲ್ಕು ಸೆಂಟಿಮೀಟರಿನ ಮರಿಗೆ ನೀರೂ ಆಹಾರವೂ ಒಟ್ಟಿಗೆ ದೊರೆಯುತ್ತವೆ. ಬೇಸಗೆಯ ನಡುವೆ ಹುಟ್ಟಿದ ಮರಿಗೆ ಬತ್ತಿದ ಕೆರೆಯಲ್ಲಿ ಏನು ಗತಿ?

ಬಣ್ಣದ ವಿಚಾರ ಬೇಗ ಮುಗಿಯುತ್ತದೆ. ಉತ್ತರ ಭಾರತದ ಆಮೆಗಳ ಬೆನ್ನಿನ ಮೇಲೆಯೂ ತಲೆಯ ಮೇಲೆಯೂ ಹಳದಿಯ ಚುಕ್ಕೆಗಳು ಹರಡಿಕೊಂಡಿರುತ್ತವೆ. ಪರ್ಯಾಯದ್ವೀಪದವುಗಳ ಬೆನ್ನು ಚುಕ್ಕೆಯಿಲ್ಲದ ಹಸಿರುಗಂದು ಇಲ್ಲವೆ ಬೂದುಗಂದು. ಹಾವೇರಿ ಸೀಮೆಯಲ್ಲಿ ಕಾಣುವುದು ಈ ಎರಡನೆಯ ಬಗೆ. ಕೆರೆಯ ನೀರು ಕದಡಿದಾಗ ಬೆನ್ನಿಗೂ ಕೆಸರಿಗೂ ಭೇದವೇ ತಿಳಿಯದು. ವರ್ಣದ್ರವ್ಯದ ಕೊರತೆಯಿಂದ ಮೈಯೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿದ ವ್ಯಕ್ತಿಗಳು ಅಪರೂಪವಾಗಿ ಹುಟ್ಟುತ್ತವೆ. 2020ರಲ್ಲಿ ಒಡಿಶಾದ ಬಾಲಸೋರಿನ ಬಳಿ ಅಂತಹದೊಂದು ಸಿಕ್ಕಿದಾಗ ಪತ್ರಿಕೆಗಳೆಲ್ಲ ಅದರ ಚಿತ್ರವನ್ನು ಅಚ್ಚುಹಾಕಿದವು.

ದಕ್ಷಿಣ ಭಾರತದ ಕೆರೆಗಳಲ್ಲಿ ಇದರ ನೆರೆಯಾಗಿರುವ ಕಪ್ಪು ಆಮೆ, ಅಂದರೆ ಮೆಲನೊಕೆಲಿಸ್ ಟ್ರೈಜುಗ, ವಂಶದಲ್ಲಿ ಏಷ್ಯದ ಪೆಟ್ಟಿಗೆಯಾಮೆಗಳಿಗೆ ನಿಜವಾದ ಬಂಧು. ಎರಡೂ ಜಿಯೋಎಮಿಡಿಡೀ ಕುಟುಂಬದವು. ಬೆನ್ನಿನ ಮೇಲೆ ಉದ್ದಕ್ಕೆ ಮೂರು ಏಣುಗಳು, ಗಟ್ಟಿಯಾದ ಕೊಂಬಿನ ಹೊದಿಕೆ, ಕಪ್ಪಾದ ಎದೆಚಿಪ್ಪಿಗೆ ಹಳದಿಯ ಅಂಚು, ಮುಂಗಾಲಿಗೆ ಐದು ಹಿಂಗಾಲಿಗೆ ನಾಲ್ಕು ಉಗುರು. ವಿನೋದವೇನೆಂದರೆ, ಬಂಧುವಾದ ಇದಕ್ಕೆ ಎದೆಯ ಕೀಲು ಇಲ್ಲ, ಮುಚ್ಚಿಕೊಳ್ಳಲೂ ಬಾರದು. ಯಾವ ನಂಟೂ ಇಲ್ಲದ ಕೆರೆಯಾಮೆಗೆ ಅದು ಬರುತ್ತದೆ. ವರದಾ ನದಿ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುವ ಕಡೆಯಂತಹ ದೊಡ್ಡ ಹೊಳೆಗಳಿಗೆ ಒಗ್ಗಿದ ಮತ್ತೊಂದು ಮೃದುಚಿಪ್ಪಿನ ಆಮೆಯೂ ದಖನ್ನಿನಲ್ಲಿದೆ. ನಿಲ್ಸೋನಿಯ ಲೀತಿಯೈ ಎಂಬ ಅದು ಗಾತ್ರದಲ್ಲಿ ಬಹು ದೊಡ್ಡದು, ಮೈ ಚಪ್ಪಟೆ, ತೊಡೆಯ ಪಟಲಗಳು ಅದಕ್ಕಿಲ್ಲ. ಬತ್ತದ ಹೊಳೆಯಲ್ಲಿ ಬದುಕುವುದಕ್ಕೆ ಅವು ಬೇಕಾಗಿಯೂ ಇಲ್ಲ.

ಕೆರೆಯಾಮೆಯನ್ನು ಬೊನತೇರ್ ಎಂಬ ಫ್ರೆಂಚ್ ಪ್ರಕೃತಿಶಾಸ್ತ್ರಜ್ಞ 1789ರಲ್ಲಿ ಹೆಸರಿಸಿದ. ಬ್ರಿಟಿಷ್ ಭಾರತದ ಪ್ರಾಣಿಸಂಕುಲವನ್ನು ಕುರಿತ ಗ್ರಂಥಮಾಲೆಯಲ್ಲಿ ಸರೀಸೃಪಗಳ ಸಂಪುಟವನ್ನು ಬರೆದ ಮಾಲ್ಕಮ್ ಸ್ಮಿತ್ 1931ರಲ್ಲಿ ಇದಕ್ಕೆ ಲಿಸ್ಸೆಮಿಸ್ ಎಂಬ ಪ್ರತ್ಯೇಕ ಜಾತಿಯನ್ನು ಏರ್ಪಡಿಸಿದ. ತೊಡೆಯ ಪಟಲಗಳುಳ್ಳ ಆಮೆಗಳದೇ ಒಂದು ಉಪಕುಟುಂಬ. ಅದರ ಉಳಿದ ಸದಸ್ಯರಾದ ಸೈಕ್ಲನೋರ್ಬಿಸ್, ಸೈಕ್ಲೊಡರ್ಮ ಜಾತಿಗಳು ಇರುವುದು ಆಫ್ರಿಕದಲ್ಲಿ. ದಕ್ಷಿಣ ಏಷ್ಯದಲ್ಲಿ ಲಿಸ್ಸೆಮಿಸ್ ಒಂದೇ, ಆಫ್ರಿಕದಲ್ಲಿ ಮಿಕ್ಕೆಲ್ಲವೂ, ನಡುವೆ ಅರಬ್ಬೀ ಸಮುದ್ರ ಮತ್ತು ಮರುಭೂಮಿ. ಒಂದು ಕಾಲಕ್ಕೆ ಈ ವಂಶದ ನೆಲೆ ಈಗಿನದಕ್ಕಿಂತ ವಿಶಾಲವಾಗಿತ್ತೆಂಬ ಊಹೆಗೆ ಈ ಹಂಚಿಕೆಯೇ ಎಡೆಮಾಡಿಕೊಡುತ್ತದೆ.

ಮಾಂಸಕ್ಕಾಗಿ ಇದನ್ನು ಹಿಡಿಯುವುದು ಹಿಂದಿನಿಂದಲೂ ಇತ್ತು. ಈಚಿನ ದಶಕಗಳಲ್ಲಿ ಗಂಗಾ ಬಯಲಿನ ಕೆರೆಗಳಿಂದ ಗೋಣಿಚೀಲಗಳಲ್ಲಿ ತುಂಬಿ ಪೂರ್ವದ ಗಡಿಯ ಕಡೆಗೆ ಕಳ್ಳಸಾಗಣೆ ಮಾಡುವುದು ದೊಡ್ಡ ವ್ಯವಹಾರವಾಗಿ ಬೆಳೆದು, ಎಲ್ಲೆಂದರಲ್ಲಿ ಸಿಗುವ ಆಮೆಯೆಂದು ಹೆಸರಾಗಿದ್ದ ಇದನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈಗ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದೆ. ಮುಚ್ಚಿಕೊಂಡು ಅಲುಗದೆ ಕುಳಿತುಬಿಡುವ ಸ್ವಭಾವವೇ ಹಿಡಿಯುವವರಿಗೆ ಅನುಕೂಲವಾಗಿ ಪರಿಣಮಿಸಿತು. ನರಿಯನ್ನು ಬೇಸರಪಡಿಸಿ ಕಳುಹಿಸಬಲ್ಲ ಉಪಾಯ ಚೀಲ ಹಿಡಿದು ಬಂದವನ ಮುಂದೆ ನಡೆಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿ ಆನೆಗಳ ಪಂಕ್ತಿಯಲ್ಲಿಯೇ ಇದರ ಹೆಸರಿದೆ. ಆದಕಾರಣ ಕೆರೆಯಿಂದ ಹಿಡಿದು ತಂದು ಮನೆಯ ತೊಟ್ಟಿಯಲ್ಲಿ ಸಾಕುವುದೂ, ಊರ ಬಾವಿಗೆ ಬಿಡುವುದೂ ಅಪರಾಧವಾಗುತ್ತದೆ. ಹೂಳೆತ್ತುವ ಕೆಲಸ ನಡೆಯುವುದು ಬೇಸಗೆಯಲ್ಲಿ, ಆಮೆ ಹೂಳಿನಲ್ಲಿರುವುದೂ ಆಗಲೇ. ಯಂತ್ರದ ಬಾಯಿಗೆ ಮಣ್ಣಿನೊಂದಿಗೆ ಅದು ಬಂದಾಗ, ಬೆನ್ನುಚಿಪ್ಪನ್ನು ಹಿಂಗಾಲಿನ ಕಡೆಯಿಂದ ಎರಡು ಕೈಯಲ್ಲಿ ಹಿಡಿದೆತ್ತಿ ನೀರೋ ಕೆಸರೋ ಉಳಿದಿರುವ ಹತ್ತಿರದ ಮಡುವಿನ ಅಂಚಿಗೆ ಬಿಟ್ಟರೆ ಸಾಕು. ಕಾಲೂರಿದ ಕ್ಷಣದಿಂದಲೇ ಅದು ಬಗೆಯತೊಡಗುತ್ತದೆ.